ಬಿಟ್ಟಿ

ಕಂಬಂ ಕಣಿವೆಯ ತಮಿಳಿನಲ್ಲಿ ‘ವೆಟ್ಟಿ ಸೆಲವು’ ಅಂದರೆ ದಂಡದ ಖರ್ಚು. ನಮ್ಮ ಕನ್ನಡದಲ್ಲಿ ‘ಬಿಟ್ಟಿ’ ಅಂದರೆ ಖರ್ಚೇ ಇಲ್ಲದ್ದು. ಎರಡೂ ಒಂದೇ ಮನೆಯ ಮಾತು. ಸಂಸ್ಕೃತದ ‘ವಿಷ್ಟಿ’ ನಮ್ಮಲ್ಲಿ ಬಿಟ್ಟಿಯಾಯಿತು, ತಮಿಳರಲ್ಲಿ ವೆಟ್ಟಿಯಾಯಿತು. ವಿಷ್ಟಿ ಎಂದರೆ ಕೂಲಿ ಕೊಡದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆ. (ಹೊಯ್ಸಳರ ಬಿಟ್ಟಿದೇವನಿಗೂ ಇದಕ್ಕೂ ಸಂಬಂಧವಿಲ್ಲ. ಆ ಬಿಟ್ಟಿ ವಿಷ್ಣುವಿನ ತದ್ಭವ. ಬೇಲೂರಿನ ಗುಡಿಯನ್ನು ಬಿಟ್ಟಿಯಾಗಿ ಕಟ್ಟಿಸಿದ ಎಂದು ಚಟಾಕಿ ಹಾರಿಸುವವರಿಗೆ ಈ ಮಾತು.)

ಬಿಟ್ಟಿ, ವೆಟ್ಟಿ ಎರಡೂ ಒಟ್ಟಿಗೆ ನನ್ನ ಕಿವಿಗೆ ಬಿದ್ದದ್ದು ತೇನಿ ಜಿಲ್ಲೆಯ ಬೋಡಿನಾಯಕನೂರಿನಲ್ಲಿ, ಪರಿಚಯದ ದೇವಾಂಗರ ಮನೆಯ ಮದುವೆಯಲ್ಲಿ. ತೇನಿ, ದಿಂಡಿಗಲ್ ಸೀಮೆಯಲ್ಲಿ ಬೀದಿಗೆ ತಮಿಳು, ಒಳಮನೆಗೆ ಕನ್ನಡ ಎಂದು ಬದುಕುವವರು ಬಹಳ. ಕಂಬಂನಲ್ಲಿ ಕಪ್ಪಿಲಿಯರ್ ಎನಿಸಿಕೊಳ್ಳುವ ಒಕ್ಕಲಿಗರು, ಚಿನ್ನಾಳಪಟ್ಟಿಯಲ್ಲಿ ಸೀರೆ ನೇಯುವ ದೇವಾಂಗರು. ವಿಜಯನಗರದ, ಮದುರೆ ನಾಯಕರ ಕಾಲದಲ್ಲಿ ಕೆಳಕ್ಕೆ ಇಳಿದು ಬಂದವರು ತಾವು ಎಂದು ಅವರ ಮನೆಗಳಲ್ಲಿ ಹೇಳುತ್ತಾರೆ. ಲಿಪಿ ಗೊತ್ತಿಲ್ಲ, ಮಾತು ಬಿಟ್ಟಿಲ್ಲ.

ಊಟ ಮುಗಿದು ಎಲ್ಲರೂ ಜಮಖಾನದ ಮೇಲೆ ಒರಗಿದ್ದಾಗ ನನ್ನ ಜೊತೆ ಬಂದಿದ್ದ ಅಕ್ಕನ ಮಗ ಫೋನು ತೆಗೆದು ದನಾಂಗ್ ತೋರಿಸಲು ಕೂತ. ವಿಯೆಟ್ನಾಮಿನ ನಡುಭಾಗದ ಕಡಲತಡಿಯ ಊರು ಅದು. ಐದು ನಕ್ಷತ್ರದ ಹೋಟೆಲು, ಹಾಸಿಗೆಯ ಮೇಲೆ ಮಲಗಿದಲ್ಲಿಂದಲೇ ಸಮುದ್ರ, ಬೆಳಗಿನ ತಿಂಡಿಗೆ ಹೆಸರು ಗೊತ್ತಿಲ್ಲದ ಹಣ್ಣುಗಳ ಸಾಲು. “ಎಲ್ಲಾ ಬಿಟ್ಟಿ ತಾತ, ರೂಮಿಗೆ ಒಂದು ರೂಪಾಯಿ ಕೊಟ್ಟಿಲ್ಲ, ಪಾಯಿಂಟು” ಅಂದ. ಮನೆಯ ಹಿರಿಯರು ಫೋಟೋಗಳನ್ನು ಒಂದೂ ಬಿಡದೆ ನೋಡಿದರು. ಆಮೇಲೆ ಕೇಳಿದರು: “ಆ ಪಾಯಿಂಟು ಬರಕ್ಕೆ ಎಷ್ಟು ವೆಟ್ಟಿ ಸೆಲವು ಮಾಡಿದೆ, ಅದು ಹೇಳಪ್ಪ.”

ಹುಡುಗ ನಕ್ಕ. ಉತ್ತರ ಕೊಡಲಿಲ್ಲ.

ಅವನ ಪರವಾಗಿಯೂ ಒಂದೆರಡು ಮಾತು ಹೇಳಬೇಕು. ಅವನು ದುಂದುಗಾರನಲ್ಲ. ಇನ್ಶೂರೆನ್ಸು, ಮಗುವಿನ ಸ್ಕೂಲ್ ಫೀಸು, ಗೆಳೆಯರೆಲ್ಲ ಸೇರಿ ತಿಂದ ಹೋಟೆಲ್ ಬಿಲ್ಲು, ಎಲ್ಲವೂ ಅವನ ಕಾರ್ಡಿನ ಮೇಲೆ. ಬ್ಯಾಂಕು ಕೊಟ್ಟ ಪಾಯಿಂಟು ವಿಮಾನ ಕಂಪನಿಗೋ ಹೋಟೆಲ್ ಸರಣಿಗೋ ವರ್ಗವಾಗುತ್ತದೆ. ಮ್ಯಾರಿಯಟ್‌ನವರಲ್ಲಿ ಪಾಯಿಂಟಿನ ಮೇಲೆ ಸಾಲಾಗಿ ಐದು ರಾತ್ರಿ ಉಳಿದರೆ ನಾಲ್ಕಕ್ಕೆ ಮಾತ್ರ ಲೆಕ್ಕ. ಅಕೋರ್‌ನವರಲ್ಲಿ 2000 ಪಾಯಿಂಟಿಗೆ 40 ಯೂರೋ ಬಿಲ್ಲಿನಲ್ಲಿ ವಜಾ. ಲಂಡನ್ನಿನಲ್ಲಿ ಒಂದು ರಾತ್ರಿಗೆ ಕರಗಿ ಹೋಗುವ ಪಾಯಿಂಟು ವಿಯೆಟ್ನಾಮಿನಲ್ಲೋ ಮಲೇಷ್ಯಾದಲ್ಲೋ ಎರಡು ಮೂರು ರಾತ್ರಿಗೆ ಎಳೆಯುತ್ತದೆ. ಹಾಗಾಗಿಯೇ ಪಾಯಿಂಟು ಕೂಡಿಸುವವರು ನಾವು ನೀವು ಭೂಪಟದಲ್ಲಿ ಬೆರಳಿಟ್ಟು ಹುಡುಕಬೇಕಾದ ಊರುಗಳಿಗೆ ಹೋಗುತ್ತಾರೆ. ದನಾಂಗಿನಲ್ಲಿ 1919ರಲ್ಲಿ ತೆರೆದ ಚಾಮ್ ಶಿಲ್ಪಗಳ ಮ್ಯೂಸಿಯಂ ಇದೆ, ಕೋಣೆ ಕೋಣೆಗೂ ಶಿವ. ಅಲ್ಲಿಂದ ಸ್ವಲ್ಪ ದೂರದ ಮಿಸನ್ ಕಣಿವೆಯಲ್ಲಿ ಇಟ್ಟಿಗೆಯ ಶಿವಾಲಯಗಳ ಹಿಂಡೇ ಇದೆ. ನಾಲ್ಕನೆಯ ಶತಮಾನದಲ್ಲಿ ಭದ್ರವರ್ಮನೆಂಬ ರಾಜ ತನ್ನ ಹೆಸರಿನ ಮೊದಲ ಭಾಗ ಸೇರಿಸಿ ಭದ್ರೇಶ್ವರನನ್ನು ಅಲ್ಲಿ ಸ್ಥಾಪಿಸಿದ. ಈ ಹುಡುಗ ಕಾಸು ಕೊಟ್ಟು ಹೋಗುವುದಾಗಿದ್ದರೆ ಗೋವಾ ದಾಟುತ್ತಿರಲಿಲ್ಲ. ಪಾಯಿಂಟು ಅವನಿಗೆ ಭದ್ರೇಶ್ವರನನ್ನು ತೋರಿಸಿತು. ಅದು ಸಣ್ಣ ಲಾಭವಲ್ಲ.

ತೇನಿಯವರಿಗೂ ಈ ಊರುಗಳು ದೂರವಲ್ಲ. ದಿಂಡಿಗಲ್‌ನಿಂದ ನೂರು ಕಿಲೋಮೀಟರಿನ ಆಸುಪಾಸಿನ ತಿರುಚ್ಚಿಯಿಂದ ಕ್ವಾಲಾಲಂಪುರಕ್ಕೆ ನೇರ ವಿಮಾನ ಇದ್ದದ್ದೇ, ಹೋ ಚಿ ಮಿನ್ ನಗರಕ್ಕೂ 2023ರಲ್ಲಿ ಶುರುವಾಯಿತು. ಆದರೆ ಕಣಿವೆಯಲ್ಲಿ ಪಾಯಿಂಟು ಬೆಳೆಯುವುದಿಲ್ಲ. ದ್ರಾಕ್ಷಿ, ತೆಂಗು, ಬಾಳೆ, ಏಲಕ್ಕಿಯ ವ್ಯವಹಾರವೆಲ್ಲ ನಗದು ಇಲ್ಲವೇ ಕ್ಯೂಆರ್. ಯುಪಿಐಯಲ್ಲಿ ಖಾತೆಯಿಂದ ಖಾತೆಗೆ ಹೋಗುವ ದುಡ್ಡಿಗೆ 2020ರ ಜನವರಿಯಿಂದ ವ್ಯಾಪಾರಿಯ ಮೇಲೆ ಶುಲ್ಕವೇ ಇಲ್ಲ. ಶುಲ್ಕ ಇಲ್ಲದ ಕಡೆ ಪಾಯಿಂಟು ಕೊಡಲು ಬ್ಯಾಂಕಿಗೆ ಎಲ್ಲಿಂದ ಬರಬೇಕು?

ಮಾರನೆಯ ದಿನ ಏಲಕ್ಕಿ ಕೊಳ್ಳಲು ಹೋದೆವು. ಎಂಟು ಮಿಲಿಮೀಟರಿನ ಹಸಿರು ಕಾಯಿ, ಮುಷ್ಟಿಯಲ್ಲಿ ಹಿಡಿದು ಬಿಟ್ಟರೂ ಅಂಗೈ ಘಮ್ಮೆನ್ನುತ್ತಿತ್ತು. ಹುಡುಗ ಎಂದಿನಂತೆ ಕಾರ್ಡು ಚಾಚಿದ. ಅಂಗಡಿಯವರು ತಕ್ಕಡಿಯಿಂದ ಕಣ್ಣೆತ್ತದೆ, “ಕಾರ್ಡಾ? ರೆಂಡು ಪರ್ಸೆಂಟ್ ಸೇರುಮ್ ಸಾರ್” ಅಂದರು. ಹುಡುಗ ಮನಸ್ಸಿನಲ್ಲೇ ಗುಣಿಸಿ ಭಾಗಿಸಿ, ಕಾರ್ಡು ಒಳಗಿಟ್ಟು, ಫೋನು ತೆಗೆದು ಕ್ಯೂಆರ್‌ಗೆ ಹಿಡಿದ. ದನಾಂಗಿನ ಹಾಸಿಗೆಯ ಬಾಡಿಗೆ ಎಲ್ಲಿಂದ ಹುಟ್ಟುತ್ತದೆ ಎನ್ನುವುದು ಆ ಎರಡು ಪರ್ಸೆಂಟಿನಲ್ಲಿತ್ತು. ಕ್ರೆಡಿಟ್ ಕಾರ್ಡು ಉಜ್ಜಿದಾಗ ವ್ಯಾಪಾರಿಗೆ ಸೇರಬೇಕಾದ ನೂರು ರೂಪಾಯಿಯಲ್ಲಿ ಸುಮಾರು ಎರಡು ರೂಪಾಯಿ ಬ್ಯಾಂಕುಗಳ ನಡುವೆ ಹಂಚಿಹೋಗುತ್ತದೆ. ದೊಡ್ಡ ಅಂಗಡಿಯವರು ಅದನ್ನು ಮೊದಲೇ ಬೆಲೆಯಲ್ಲಿ ಸೇರಿಸಿಬಿಡುತ್ತಾರೆ. ಹಾಗೆ ಸೇರಿಸಿದ ಬೆಲೆಯನ್ನು ನಗದು ಕೊಡುವವರೂ ಕೊಡುತ್ತಾರೆ, ಪಾಯಿಂಟು ಮಾತ್ರ ಅವರಿಗೆ ಬರುವುದಿಲ್ಲ. ಇದಕ್ಕಿಂತ ದೊಡ್ಡ ಬುತ್ತಿ ಇನ್ನೊಂದಿದೆ: ಬಿಲ್ಲು ಪೂರ್ತಿ ಕಟ್ಟಲಾಗದೆ ‘ಮಿನಿಮಮ್ ಡ್ಯೂ’ ಕಟ್ಟಿ ತಿಂಗಳು ದೂಡುವವರ ಬಡ್ಡಿ. ತಿಂಗಳಿಗೆ ಮೂರೂವರೆ ಪರ್ಸೆಂಟಿನ ಸುತ್ತ ಅಂದರೆ ವರ್ಷಕ್ಕೆ ನಲವತ್ತರ ಮೇಲೆ. ಆ ಬಡ್ಡಿಗೆ ಮೂವತ್ತರ ಮಿತಿ ಹಾಕಿದ್ದ ಗ್ರಾಹಕ ಆಯೋಗದ ಆದೇಶವನ್ನು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು.

ಬ್ಯಾಂಕು ಈ ದುಡ್ಡಿನಲ್ಲಿ ವಿಮಾನ ಕಂಪನಿಯಿಂದ ಮೈಲುಗಳನ್ನು (ಅವರ ಪಾಯಿಂಟಿಗೆ ಅದೇ ಹೆಸರು) ಸಗಟಾಗಿ ಕೊಂಡು ನಮಗೆ ಚಿಲ್ಲರೆಯಾಗಿ ಹಂಚುತ್ತದೆ. ಈ ಸಗಟು ವ್ಯಾಪಾರ ಎಷ್ಟು ಗಟ್ಟಿ ಎಂದರೆ, 2020ರಲ್ಲಿ ಕೊರೋನಾ ಬಂದು ವಿಮಾನಗಳು ನೆಲ ಹಿಡಿದಾಗ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ತನ್ನ ಮೈಲೇಜ್‌ಪ್ಲಸ್ ಯೋಜನೆಯನ್ನೇ ಅಡವಿಟ್ಟು ಸಾಲ ಎತ್ತಿತು.

ಪದಕ್ಕೆ ಮರಳುತ್ತೇನೆ. ವಿಷ್ಟಿಯವರು ಏನೇನು ಮಾಡಬೇಕು ಎಂದು ಕೌಟಿಲ್ಯನ ಅರ್ಥಶಾಸ್ತ್ರ ಪಟ್ಟಿ ಕೊಡುತ್ತದೆ: ಬೀಡು, ದಾರಿ, ಸೇತುವೆ, ಬಾವಿ, ಹೊಳೆ ದಾಟುವ ಕಡವು ಇವನ್ನು ಹಸನು ಮಾಡುವುದು, ಆಯುಧ, ಕವಚ, ಮೇವು ಹೊರುವುದು. ಅಂದರೆ ಮೊದಲಿನಿಂದಲೂ ಬಿಟ್ಟಿಗೂ ಪ್ರಯಾಣಕ್ಕೂ ನಂಟು. ದೊಡ್ಡವರು ಸುಖವಾಗಿ ಸಾಗಬೇಕಾದರೆ ಮುಂದೆ ದಾರಿ ಸವರಲು, ಹಿಂದೆ ಗಂಟು ಹೊರಲು ಕೂಲಿ ಇಲ್ಲದ ಜನ ಬೇಕು. ಚೋಳರ ಶಾಸನಗಳ ತೆರಿಗೆ ಪದಗಳನ್ನು ಎಣಿಸಿ ವಿಂಗಡಿಸಿದ ಜಪಾನಿನ ವಿದ್ವಾಂಸ ನೊಬೊರು ಕರಶಿಮ ಅವರ ಕೆಲಸ ನೋಡಿದರೆ ‘ವೆಟ್ಟಿ’ ಅಲ್ಲಿ ಮತ್ತೆ ಮತ್ತೆ ಬರುವ ಪದಗಳಲ್ಲೊಂದು. ಕನ್ನಡ ಶಾಸನಗಳಲ್ಲಿ ದೇವಸ್ಥಾನಕ್ಕೋ ಅಗ್ರಹಾರಕ್ಕೋ ಭೂಮಿ ಬಿಡುವಾಗ ಇಂಥಿಂಥ ತೆರಿಗೆಯ ಜೊತೆಗೆ ಬಿಟ್ಟಿಯೂ ಇಲ್ಲ ಎಂದು ಮಾಫಿ ಬರೆಯುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ‘ಬಿಟ್ಟಿ ಬೇಗಾರಿ’ ಎಂಬ ಜೋಡಿಪದ ನಡೆಯಿತು: ದೊರೆ ಕ್ಯಾಂಪು ಹಾಕಿದ ಊರಿನಲ್ಲಿ ಕೋಳಿ, ಹಾಲು, ಸೌದೆ, ಹೊರಲು ಆಳು. ಬೇಗಾರಿಯನ್ನು ಸಂವಿಧಾನದ 23ನೆಯ ವಿಧಿ ಹೆಸರು ಹಿಡಿದು ನಿಷೇಧಿಸಿದೆ. ತಮಿಳುನಾಡಿನ ಹಳ್ಳಿಯಲ್ಲಿ ಸುಡುಗಾಡು ಕಾಯುವವನನ್ನು ಈಗಲೂ ‘ವೆಟ್ಟಿಯಾನ್’ ಅನ್ನುತ್ತಾರೆ. ಕೂಲಿಯಿಲ್ಲದ ಚಾಕರಿ ಒಂದು ಜಾತಿಯ ಹೆಸರಾಗಿ ಕೂತುಬಿಟ್ಟಿತು.

ಹೀಗೆ ಹೆಗಲ ಮೇಲೆ ಸಾಗಿದ ಪ್ರಯಾಣದ ಒಂದು ದಾರಿ ತೇನಿ ಜಿಲ್ಲೆಯಲ್ಲೇ ಇದೆ. ಪೆರಿಯಕುಳಂನಿಂದ ತಲೆಯೆತ್ತಿದರೆ ಕಾಣುವ ಬೆಟ್ಟವೇ ಕೊಡೈಕೆನಾಲ್. 1845ರಲ್ಲಿ ಅಮೆರಿಕನ್ ಮಿಷನರಿಗಳು ಮದುರೆಯ ಸೆಕೆ, ಜ್ವರ ತಾಳಲಾರದೆ ಮೇಲೆ ಮನೆ ಮಾಡಿದರು. ಮೊದಲ ಮಹಾಯುದ್ಧದ ಸುಮಾರಿಗೆ ಘಾಟಿ ರಸ್ತೆ ಆಗುವ ತನಕ ಅಲ್ಲಿಗೆ ಗಾಡಿ ಹೋಗುತ್ತಿರಲಿಲ್ಲ. ಅಮ್ಮಯನಾಯಕನೂರಿನಲ್ಲಿ ರೈಲಿಳಿದು, ರಾತ್ರಿಯೆಲ್ಲ ಎತ್ತಿನ ಗಾಡಿಯಲ್ಲಿ ಕುಲುಕುತ್ತ ಪೆರಿಯಕುಳಂ ಕಡೆಯ ಕೃಷ್ಣಮ್ಮನಾಯಕನ ತೋಪಿಗೆ ಬಂದು, ಅಲ್ಲಿಂದ ಕುದುರೆಯೋ ಡೋಲಿಯೋ. ದೊರೆಸಾನಿಯರು, ಮಕ್ಕಳು, ಪಿಯಾನೋ, ಕಬ್ಬಿಣದ ಮಂಚ ಎಲ್ಲವೂ ಹೆಗಲ ಮೇಲೆ ಹತ್ತಿದವು. ಅಲ್ಲಿ ಕೂಲಿ ಕೊಡುತ್ತಿದ್ದರು, ಬಿಟ್ಟಿ ಅನ್ನುವಂತಿಲ್ಲ. ಆದರೆ ಕೈಗೆಟಕುವ ಐಷಾರಾಮ ಎನ್ನುವುದು ಯಾರ ಹೆಗಲ ಮೇಲೆ ಹತ್ತಿತು ಎನ್ನುವುದು ಆ ದಾರಿಯಲ್ಲಿ ಕಣ್ಣಿಗೆ ಕಾಣುತ್ತಿತ್ತು. ಪಾಯಿಂಟಿನಲ್ಲಿ ಕಾಣುವುದಿಲ್ಲ, ವ್ಯತ್ಯಾಸ ಅಷ್ಟೇ.

ಇಷ್ಟಾದ ಮೇಲೆ ಪದ ಮಗ್ಗುಲು ಬದಲಿಸಿತು. ಶಾಸನದ ಕಾಲದಲ್ಲಿ ಬಿಟ್ಟಿ ಮಾಡುವವನದು. ಈಗ ಬಿಟ್ಟಿ ತಿನ್ನುವವನದು. ಬಿಟ್ಟಿ ಊಟ, ಬಿಟ್ಟಿ ಸಲಹೆ, ಬಿಟ್ಟಿ ಪ್ರಚಾರ. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು. ತಮಿಳರು ತಿನ್ನುವುದಕ್ಕೆ ಬೇರೆ ಪದ ಮಾಡಿಕೊಂಡರು: ‘ಓಸಿ’. ಈಸ್ಟ್ ಇಂಡಿಯಾ ಕಂಪನಿಯ ಕಾಗದಗಳ ಮೇಲೆ, ಅಂಚೆ ಶುಲ್ಕ ಬೇಡವೆಂದು, ಒತ್ತುತ್ತಿದ್ದ ‘ಓ.ಸಿ.’ ಮುದ್ರೆಯಿಂದ ಬಂತು ಎನ್ನುತ್ತಾರೆ. (ನಮ್ಮ ಕಡೆ ಓಸಿ ಅಂದರೆ ಮಟ್ಕಾ, ಪೊಲೀಸರು ಹಿಡಿಯುತ್ತಾರೆ. ಗಡಿ ದಾಟುವಾಗ ನೋಡಿಕೊಂಡು ಮಾತಾಡಬೇಕು.) ವೆಟ್ಟಿ ಮಾತ್ರ ಅಲ್ಲಿ ವ್ಯರ್ಥದ ಕಡೆ ಸರಿಯಿತು. ಕೂಲಿ ಸಿಗದ ದುಡಿಮೆ ವ್ಯರ್ಥವೇ ತಾನೆ? ವೆಟ್ಟಿ ಪೇಚ್ಚು ಅಂದರೆ ಕಾಡುಹರಟೆ, ಕೆಲಸವಿಲ್ಲದೆ ಅಲೆಯುವವನು ವೆಟ್ಟಿ ಪಯಲ್, ತಮಾಷೆಗೆ ವೆಟ್ಟಿ ಆಫೀಸರ್.

2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲದ ಶಕ್ತಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಈ ಪದಕ್ಕೆ ಹೊಸ ಪ್ರಾಯ ಬಂತು. ಬಿಟ್ಟಿ ಬಸ್ಸು, ಬಿಟ್ಟಿ ಭಾಗ್ಯ. ಧರ್ಮಸ್ಥಳಕ್ಕೆ ಹೊರಟ ಹೆಂಗಸರ ಸೀಟಿನ ಪಕ್ಕ ನಿಂತವರ ಬಾಯಲ್ಲೆಲ್ಲ ಅದೇ. ತಮಿಳುನಾಡಿನಲ್ಲಿ ಎರಡು ವರ್ಷ ಮೊದಲೇ, 2021ರ ಮೇನಲ್ಲಿ, ಸಾಧಾರಣ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಬಿಟ್ಟರು. ಮರುವರ್ಷ ಸಚಿವರೊಬ್ಬರು ‘ಓಸಿಯಲ್ಲಿ ಹೋಗ್ತೀರಿ’ ಎಂದು ಆಡಿದ ಮಾತಿಗೆ ರಾಜ್ಯವೆಲ್ಲ ಗದ್ದಲವಾಯಿತು. ಆ ಬಸ್ಸು ಬಿಟ್ಟಿ ಓಡುವುದಿಲ್ಲ. ಕಂಡಕ್ಟರು ಶೂನ್ಯ ಟಿಕೆಟ್ ಹರಿಯುತ್ತಾರೆ, ಅದರ ಲೆಕ್ಕ ಹಿಡಿದು ಸರ್ಕಾರ ನಿಗಮಕ್ಕೆ ದುಡ್ಡು ತುಂಬಬೇಕು. ಬ್ಯಾಂಕು ಹೋಟೆಲಿಗೆ ತುಂಬುವುದೂ ಹೀಗೆಯೇ. ಒಂದರ ದುಡ್ಡು ತೆರಿಗೆಯಿಂದ, ಇನ್ನೊಂದರದು ಏಲಕ್ಕಿ ಅಂಗಡಿಯ ಎರಡು ಪರ್ಸೆಂಟಿನಿಂದ, ಸಾಲಗಾರನ ಬಡ್ಡಿಯಿಂದ. ಆದರೆ ಬಸ್ಸಿನಾಕೆಗೆ ಬಿಟ್ಟಿ ಎನ್ನುವ ನಾಲಿಗೆ ದನಾಂಗಿನವನಿಗೆ ರಿವಾರ್ಡು ಅನ್ನುತ್ತದೆ, ಲಾಯಲ್ಟಿ ಅನ್ನುತ್ತದೆ. ಮೊದಲು ಬಿಟ್ಟಿ ದುಡಿದವರನ್ನು ಕೀಳು ಮಾಡಿದೆವು, ಈಗ ಬಿಟ್ಟಿ ಪಡೆದವರನ್ನು. ಎರಡು ಸಲವೂ ಪದ ಹೋಗಿ ಕೂತದ್ದು ಬಡವರ ತಲೆಯ ಮೇಲೆಯೇ.

ಬೋಡಿಯಿಂದ ಹೊರಟ ಬೆಳಿಗ್ಗೆ ಬೋಡಿಮೆಟ್ಟಿನ ದಾರಿಯಲ್ಲಿ ಜೀಪುಗಳು ಸಾಲಾಗಿ ಹತ್ತುತ್ತಿದ್ದವು. ಹದಿನೇಳು ಹೇರ್‌ಪಿನ್ ತಿರುವಿನ ಆ ಘಾಟಿ ಮುನ್ನಾರಿಗೆ ಹೋಗುವ ಪ್ರವಾಸಿಗರದ್ದು ಎಂದು ನಾವು ತಿಳಿದಿದ್ದೇವೆ. ಹೊತ್ತು ಹುಟ್ಟುವ ಮುಂಚೆ ಅದು ಇಡುಕ್ಕಿಯ ಏಲಕ್ಕಿ ತೋಟಗಳಿಗೆ ದಿನಗೂಲಿಗೆ ಹೋಗುವ ಕಣಿವೆಯ ಹೆಂಗಸರದ್ದು. ಬೋಡಿ, ತೇವಾರಂ ಕಡೆಯಿಂದ ದಿನವೂ ಹತ್ತಿ ಸಂಜೆ ಇಳಿಯುತ್ತಾರೆ. ಒಂದು ಜೀಪಿನಲ್ಲಿ ಎಷ್ಟು ಜನ ಎಂದು ಹೊರಗಿನಿಂದ ಎಣಿಸಲಾಗುವುದಿಲ್ಲ. ಟಿಫಿನ್ ಡಬ್ಬಿಯ ಚೀಲಗಳು ಮಾತ್ರ ಹೊರಗೆ ತೂಗುತ್ತಿದ್ದವು. ಪ್ರವಾಸಿಗರ ಕಾರಿಗಿಂತ ಹೆಚ್ಚು ಸಲ ಆ ಘಾಟಿ ಹತ್ತಿದವರು ಅವರು. ಅವರಿಗೆ ಯಾವ ಕಂಪನಿಯೂ ಮೈಲು ಕೂಡಿಸಿಲ್ಲ.

ಪಾಯಿಂಟಿನಲ್ಲಿ ತಿರುಗುವವರು ತಿರುಗಲಿ. ಆಲ್ಮಟಿ, ತಾಷ್ಕೆಂಟ್, ಪೆನಾಂಗ್ ನೋಡಲಿ, ಬಂದು ನಮಗೂ ಹೇಳಲಿ. ನನ್ನದು ಒಂದೇ ಕೋರಿಕೆ: ಅದನ್ನು ಧೈರ್ಯವಾಗಿ ‘ಬಿಟ್ಟಿ’ ಎಂದೇ ಕರೆಯಿರಿ, ನನ್ನ ಅಕ್ಕನ ಮಗ ಕರೆದ ಹಾಗೆ. ಇಲ್ಲವಾದರೆ ಬಸ್ಸಿನ ಹೆಂಗಸರನ್ನೂ ಆ ಹೆಸರಿನಿಂದ ಕರೆಯುವುದು ಬಿಡಿ. ಕಾರ್ಡಿನ ಬಿಲ್ಲನ್ನು ತಿಂಗಳು ತಿಂಗಳೂ ಪೂರ್ತಿ ತೀರಿಸಲಾಗದವರು ಈ ಪಾಯಿಂಟಿನ ಕಡೆ ತಲೆಹಾಕಬೇಡಿ. ಅವರ ಪಾಲಿಗೆ ಅದು ಅಪ್ಪಟ ವೆಟ್ಟಿ ಸೆಲವು. ತೀರಿಸಬಲ್ಲವರು ಕೂಡಿಟ್ಟುಕೊಂಡು ಕೂರಬೇಡಿ. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಶರ್ ಹಾರಾಟ ನಿಂತಾಗ ಬೆಂಗಳೂರಿಗರು ವರ್ಷಗಟ್ಟಲೆ ಗುಡ್ಡೆ ಹಾಕಿದ್ದ ಕಿಂಗ್ ಕ್ಲಬ್ ಮೈಲುಗಳು ಬರೀ ಅಂಕಿಯಾಗಿ ಉಳಿದವು.