ಮನೆಯ ಕೆಲಸದ ಕೊಠಡಿಗೆ ಪ್ರತ್ಯೇಕ ಮೀಟರ್ ಇದ್ದಲ್ಲಿ ಗೃಹ ಬಳಕೆಯ ವಿದ್ಯುತ್ ದರ ಪಡೆಯುವ ಬಗ್ಗೆ ಮಾಹಿತಿ

ಅನ್ವಯಿಸುವ ಪ್ರದೇಶ: ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮಾವಳ್ಳಿ ಹಾಗೂ ಹೊನ್ನಾವರ, ಕುಮಟಾ ತಾಲ್ಲೂಕುಗಳ ಗ್ರಾಹಕರು

1. ಪೀಠಿಕೆ

ಕರಾವಳಿಯ ಈ ಮೂರು ತಾಲ್ಲೂಕುಗಳಲ್ಲಿ ಮನೆಯ ಒಂದು ಭಾಗವನ್ನೇ ಕೆಲಸದ ಸ್ಥಳವನ್ನಾಗಿ ಮಾಡಿಕೊಂಡು ಜೀವನ ನಡೆಸುವ ಕುಟುಂಬಗಳು ಬಹಳಷ್ಟಿವೆ. ಗಂಧದ ಕೆತ್ತನೆಯ ಗುಡಿಗಾರರು, ಅಕ್ಕಸಾಲಿಗರು, ದರ್ಜಿಗಳು, ಬಡಗಿಗಳು ಈ ಪೈಕಿ ಮುಖ್ಯರಾದವರು. ಮುರ್ಡೇಶ್ವರಕ್ಕೆ ಬರುವ ಯಾತ್ರಿಕರಿಗೆ ಮನೆಯಲ್ಲಿಯೇ ತಂಗಲು ಅವಕಾಶ ನೀಡುವ ಕುಟುಂಬಗಳೂ ಇವೆ. ಇಂತಹ ಮನೆಗಳ ಪೈಕಿ ಕೆಲವಕ್ಕೆ ಕೆಲಸದ ಕೊಠಡಿಗೆಂದು ಎರಡನೆಯ ಮೀಟರ್ ಅಳವಡಿಸಲಾಗಿದ್ದು, ಅದರ ಬಿಲ್ಲು ವಾಣಿಜ್ಯ ಅಥವಾ ಕೈಗಾರಿಕಾ ದರದಲ್ಲಿ ಬರುತ್ತದೆ. "ಕೆಲಸ ಮನೆಯೊಳಗೇ ನಡೆಯುತ್ತಿದೆ, ಮನೆಯ ದರ ಏಕಿಲ್ಲ?" ಎಂಬುದು ಕಚೇರಿಗಳಿಗೆ ಬರುವ ಸಾಮಾನ್ಯ ಪ್ರಶ್ನೆ. ಇದಕ್ಕೆ ಉತ್ತರವನ್ನೂ ಅರ್ಜಿ ಸಲ್ಲಿಸುವ ಕ್ರಮವನ್ನೂ ಈ ಪುಟದಲ್ಲಿ ವಿವರಿಸಲಾಗಿದೆ.

2. ದರವನ್ನು ನಿಗದಿಪಡಿಸುವವರು ಯಾರು?

ಉತ್ತರ ಕನ್ನಡ ಜಿಲ್ಲೆಯಲ್ಲಿ ವಿದ್ಯುತ್ ವಿತರಣೆಯ ಜವಾಬ್ದಾರಿ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯದು (ಹೆಸ್ಕಾಂ). ಈ ಕಂಪನಿಯು 2002ರ ಜೂನ್ 1ರಿಂದ ಕಾರ್ಯನಿರ್ವಹಿಸುತ್ತಿದೆ. ಆದರೆ ದರವನ್ನು ಕಂಪನಿಯಾಗಲಿ ಸ್ಥಳೀಯ ಕಚೇರಿಯಾಗಲಿ ನಿರ್ಧರಿಸುವುದಿಲ್ಲ. 1999ರ ಕರ್ನಾಟಕ ವಿದ್ಯುಚ್ಛಕ್ತಿ ಸುಧಾರಣಾ ಅಧಿನಿಯಮದನ್ವಯ ಸ್ಥಾಪನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ದರ ಆದೇಶವನ್ನು ಹೊರಡಿಸುತ್ತದೆ. ವಿದ್ಯುಚ್ಛಕ್ತಿ ಅಧಿನಿಯಮ, 2003ರ ಕಲಂ 62(3)ರ ಪ್ರಕಾರ, ವಿದ್ಯುತ್ತನ್ನು ಯಾವ ಉದ್ದೇಶಕ್ಕೆ ಪಡೆಯಲಾಗುತ್ತಿದೆ ಎಂಬುದನ್ನು ಆಧರಿಸಿ ಗ್ರಾಹಕರ ನಡುವೆ ದರಭೇದ ಮಾಡುವ ಅಧಿಕಾರ ಆಯೋಗಕ್ಕಿದೆ. ಅಂದರೆ ದರವು ಕಟ್ಟಡವನ್ನಲ್ಲ, ಬಳಕೆಯ ಉದ್ದೇಶವನ್ನು ಅನುಸರಿಸುತ್ತದೆ.

ಬಿಲ್ಲಿನಲ್ಲಿ "ಜಕಾತಿ" ಎಂದು ನಮೂದಾಗಿರುವ ಸಂಕೇತವೇ ಗ್ರಾಹಕರ ದರವರ್ಗವಾಗಿರುತ್ತದೆ. ಗೃಹ ಬಳಕೆಯ ವರ್ಗವು ದೀರ್ಘಕಾಲ ಎಲ್.ಟಿ.-2(ಎ) ಎಂಬ ಹೆಸರಿನಲ್ಲಿ ಪರಿಚಿತವಾಗಿತ್ತು. ವಾಣಿಜ್ಯ ಬಳಕೆಯದು ಎಲ್.ಟಿ.-3 ಮತ್ತು ಕೈಗಾರಿಕೆಯದು ಎಲ್.ಟಿ.-5. ದರ ಆದೇಶಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಗ್ರಾಹಕರು ತಮ್ಮ ಇತ್ತೀಚಿನ ಬಿಲ್ಲಿನಲ್ಲಿರುವ ಸಂಕೇತವನ್ನು ಜಾರಿಯಲ್ಲಿರುವ ಅನುಸೂಚಿಯೊಂದಿಗೆ ತಾಳೆ ನೋಡತಕ್ಕದ್ದು.

3. ಮನೆಯೊಳಗಿನ ಯಾವ ಕೆಲಸಗಳಿಗೆ ಗೃಹ ದರ ಅನ್ವಯಿಸುತ್ತದೆ?

ವಾಸದ ಮನೆಯ ಒಂದು ಭಾಗವನ್ನು ಅಲ್ಲಿ ವಾಸಿಸುವವರೇ ಕೆಲವು ನಿರ್ದಿಷ್ಟ ಕೆಲಸಗಳಿಗೆ ಬಳಸಿದರೂ ಆ ಮನೆ ಗೃಹ ವರ್ಗದಲ್ಲಿಯೇ ಮುಂದುವರಿಯುತ್ತದೆ ಎಂದು ಆಯೋಗದ ದರ ಅನುಸೂಚಿಗಳು ಹೇಳುತ್ತ ಬಂದಿವೆ. ಅವುಗಳ ಪೈಕಿ ಈ ಪ್ರದೇಶಕ್ಕೆ ಸಂಬಂಧಿಸಿದವು ಇಂತಿವೆ:

(ಅ) ಕೈಮಗ್ಗದ ನೇಯ್ಗೆ
(ಆ) 200 ವ್ಯಾಟ್‌ವರೆಗಿನ ಮೋಟಾರು ಬಳಸುವ ಕುಶಲಕರ್ಮಿಗಳ ಕೆಲಸ
(ಇ) ಹೊಲಿಗೆ ಕೆಲಸ
(ಈ) ಅಕ್ಕಸಾಲಿಗರ ಕೆಲಸ
(ಉ) ಮಡಿವಾಳರ ಕೆಲಸ
(ಊ) ಕೈಯಿಂದ ನಡೆಸುವ ಮುದ್ರಣ ಯಂತ್ರ, ಬೆರಳಚ್ಚು, ಗಣಕಯಂತ್ರ
(ಋ) ಬ್ಯೂಟಿ ಪಾರ್ಲರ್
(ಎ) ವೈದ್ಯಕೀಯ, ಕಾನೂನು, ಇಂಜಿನಿಯರಿಂಗ್, ವಾಸ್ತುಶಿಲ್ಪ, ಆದಾಯ ತೆರಿಗೆ, ಲೆಕ್ಕಪರಿಶೋಧನೆ ಮತ್ತು ಜ್ಯೋತಿಷ್ಯ ಕುರಿತ ಸಲಹಾ ಕಾರ್ಯ
(ಏ) ಪೇಯಿಂಗ್ ಗೆಸ್ಟ್ ಮತ್ತು ಹೋಂಸ್ಟೇ ಅತಿಥಿಗಳಿಗೆ ವಸತಿ
(ಐ) 1 ಅಶ್ವಶಕ್ತಿಯವರೆಗಿನ ಮೋಟಾರುಳ್ಳ ಮೇವು ಕತ್ತರಿಸುವ ಯಂತ್ರ ಮತ್ತು ಹಾಲು ಕರೆಯುವ ಯಂತ್ರ

ಇಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು. ಒಂದು, ಕೆಲಸ ಮಾಡುವವರು ಆ ಮನೆಯಲ್ಲಿ ವಾಸಿಸುವವರಾಗಿರಬೇಕು. ಮನೆಯ ಮುಂಭಾಗದ ಕೊಠಡಿಯನ್ನು ಹೊರಗಿನವರಿಗೆ ಅಂಗಡಿಗಾಗಿ ಬಾಡಿಗೆಗೆ ಕೊಟ್ಟಲ್ಲಿ ಈ ಸೌಲಭ್ಯ ಅನ್ವಯಿಸುವುದಿಲ್ಲ. ಎರಡು, ಮನೆಯ "ಒಂದು ಭಾಗ" ಮಾತ್ರ ಹಾಗೆ ಬಳಕೆಯಾಗಬೇಕು. ವಾಸವೇ ಇಲ್ಲದ ಕಟ್ಟಡವನ್ನು ಮನೆಯೆಂದು ಪರಿಗಣಿಸಲಾಗದು.

4. 200 ವ್ಯಾಟ್ ಮಿತಿಯ ಲೆಕ್ಕ

ಬಹುಪಾಲು ಕುಶಲಕರ್ಮಿಗಳ ಅರ್ಜಿಗಳು ಈ ಮಿತಿಯ ಮೇಲೆ ನಿಲ್ಲುತ್ತವೆ ಅಥವಾ ಬೀಳುತ್ತವೆ. 1 ಅಶ್ವಶಕ್ತಿ ಎಂದರೆ 746 ವ್ಯಾಟ್. ಆದ್ದರಿಂದ ಕಾಲು ಅಶ್ವಶಕ್ತಿಯ ಮೋಟಾರು ಸುಮಾರು 187 ವ್ಯಾಟ್ ಆಗಿ ಮಿತಿಯೊಳಗೆ ಬರುತ್ತದೆ. ಅರ್ಧ ಅಶ್ವಶಕ್ತಿಯದು 373 ವ್ಯಾಟ್ ಆಗಿ ಮಿತಿಯನ್ನು ಮೀರುತ್ತದೆ. ಕೆತ್ತನೆಯ ಸಣ್ಣ ಕೊರೆಯುವ ಯಂತ್ರ ಅಥವಾ ಕಾಲು ಅಶ್ವಶಕ್ತಿಯ ಹೊಳಪು ಯಂತ್ರವಿರುವ ಗುಡಿಗಾರರ ಮನೆ ಗೃಹ ವರ್ಗದಲ್ಲಿ ಉಳಿಯಬಹುದು. ಮರ ಹೆರೆಯುವ, ಕೊಯ್ಯುವ ವಿದ್ಯುತ್ ಯಂತ್ರಗಳು ಸಾಮಾನ್ಯವಾಗಿ 200 ವ್ಯಾಟ್‌ಗಿಂತ ಹೆಚ್ಚಿನವಾದ್ದರಿಂದ ಅವುಗಳನ್ನು ದಿನನಿತ್ಯ ಬಳಸುವ ಬಡಗಿಯ ಕೆಲಸದ ಮನೆಯು ಕೈಗಾರಿಕಾ ವರ್ಗಕ್ಕೆ ಸೇರುತ್ತದೆ. ಅರ್ಜಿ ಸಲ್ಲಿಸುವ ಮುನ್ನ ಪ್ರತಿ ಯಂತ್ರದ ಮೇಲಿರುವ ಲೋಹದ ಫಲಕದಲ್ಲಿ ನಮೂದಾದ ವ್ಯಾಟ್ ಅಥವಾ ಅಶ್ವಶಕ್ತಿಯನ್ನು ಬರೆದಿಟ್ಟುಕೊಳ್ಳುವುದು ಉತ್ತಮ. ಸ್ಥಳ ಪರಿಶೀಲನೆಗೆ ಬರುವ ಸಿಬ್ಬಂದಿ ನೋಡುವುದೂ ಇದನ್ನೇ.

ಸ್ವಂತ ಮನೆಯ ದುರಸ್ತಿಗಾಗಿ ಕೆಲವು ದಿನ ಯಂತ್ರ ತಂದು ಬಳಸುವುದು ಬೇರೆ ವಿಷಯ. ಒಟ್ಟು ಹೊರೆಯು ಮಂಜೂರಾದ ಲೋಡನ್ನು ಮೀರದಿದ್ದಲ್ಲಿ ಅಂತಹ ಪ್ರಾಮಾಣಿಕ ತಾತ್ಕಾಲಿಕ ಬಳಕೆಗೆ ಅವಕಾಶವಿದೆ. ನೆಲ ಉಜ್ಜುವ ಯಂತ್ರದಂತಹ ಉಪಕರಣಗಳಿಗೆ ಭೂಸೋರಿಕೆ ತಡೆಯುವ ಸರ್ಕ್ಯೂಟ್ ಬ್ರೇಕರ್ ಅಳವಡಿಸಿರಬೇಕು.

5. ಪ್ರತ್ಯೇಕ ಮೀಟರ್ ಇದ್ದಾಗ ತೊಡಕು ಏನು?

ಮೇಲಿನ ಪಟ್ಟಿಯ ಸೌಲಭ್ಯ ದೊರೆಯುವುದು ವಾಸದ ಮನೆಯ ಸ್ಥಾವರಕ್ಕೆ. ಕೆಲಸದ ಕೊಠಡಿಗೆ ಬೇರೆ ಆರ್.ಆರ್. ಸಂಖ್ಯೆ ಮತ್ತು ಬೇರೆ ಮೀಟರ್ ಪಡೆದಾಗ ಆ ಮೀಟರಿನ ಹಿಂದೆ ಅಡುಗೆಮನೆಯೂ ಇಲ್ಲ, ಮಲಗುವ ಕೋಣೆಯೂ ಇಲ್ಲ. ಕೆಲಸ ಮಾತ್ರ ಇರುತ್ತದೆ. ಹೀಗಾಗಿ ಅದನ್ನು ಕೆಲಸದ ಸ್ವರೂಪಕ್ಕೆ ಅನುಗುಣವಾಗಿ ವಾಣಿಜ್ಯ ಅಥವಾ ಕೈಗಾರಿಕಾ ವರ್ಗಕ್ಕೆ ಸೇರಿಸಲಾಗುತ್ತದೆ. ಗೃಹ ವರ್ಗದ ವಿದ್ಯುತ್ತನ್ನು ಪಂಪ್, ರೆಫ್ರಿಜರೇಟರ್, ಹವಾನಿಯಂತ್ರಕ ಮುಂತಾದವುಗಳಿಗೆ ಬಳಸಬಹುದಾದರೂ ಅವೆಲ್ಲವೂ ಒಂದೇ ಮೀಟರಿನಡಿ ಇರಬೇಕೆಂಬ ಷರತ್ತನ್ನು ಅನುಸೂಚಿಯಲ್ಲಿ ಸೇರಿಸಲಾಗಿತ್ತು. ಹವಾನಿಯಂತ್ರಕಕ್ಕೆ ಬೇರೆ ಮೀಟರ್ ಇದ್ದಲ್ಲಿ, ಅದನ್ನು ಮುಖ್ಯ ಮೀಟರಿನಲ್ಲಿ ವಿಲೀನಗೊಳಿಸುವವರೆಗೆ ವಾಣಿಜ್ಯ ದರವೇ ಅನ್ವಯ ಎಂದೂ ಅದರಲ್ಲಿ ಹೇಳಲಾಗಿತ್ತು. ಕೆಲಸದ ಕೊಠಡಿಯ ಮೀಟರಿಗೂ ಪರಿಹಾರದ ದಾರಿ ಇದೇ ಬಗೆಯದು.

ಆದ್ದರಿಂದ ಪಟ್ಟಿಯಲ್ಲಿರುವ ಕೆಲಸ ಮಾಡುವ ಗ್ರಾಹಕರು "ಎರಡನೆಯ ಮೀಟರಿಗೆ ಗೃಹ ದರ ಕೊಡಿ" ಎಂದು ಕೇಳುವ ಬದಲು "ಎರಡನೆಯ ಸ್ಥಾವರವನ್ನು ಮನೆಯ ಸ್ಥಾವರದಲ್ಲಿ ವಿಲೀನಗೊಳಿಸಿ" ಎಂದು ಅರ್ಜಿ ಸಲ್ಲಿಸುವುದು ಸೂಕ್ತ. ಎರಡನೆಯ ಮೀಟರಿನ ಭಾಗದಲ್ಲಿ ಪ್ರತ್ಯೇಕ ಅಡುಗೆಯಿರುವ ಮತ್ತೊಂದು ಕುಟುಂಬ ನಿಜವಾಗಿ ವಾಸಿಸುತ್ತಿದ್ದಲ್ಲಿ ಅದು ಬೇರೆಯೇ ಮನೆಯಾಗುತ್ತದೆ; ಆಗ ಆ ಮೀಟರಿನ ದರವರ್ಗ ಬದಲಾವಣೆಗೇ ಅರ್ಜಿ ಸಲ್ಲಿಸಬಹುದು.

6. ವಿಲೀನಕ್ಕೆ ಮುನ್ನ ಮಾಡಬೇಕಾದ ಲೆಕ್ಕ

ವಿಲೀನದಿಂದ ಎಲ್ಲರಿಗೂ ಲಾಭವಾಗುತ್ತದೆ ಎಂದು ತಿಳಿಯಬಾರದು. ಮುಖ್ಯವಾಗಿ 2023ರ ಜುಲೈ 1ರಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಕೆಳಗಿನ ಉದಾಹರಣೆಗಳನ್ನು ಗಮನಿಸಬೇಕು. ಈ ಯೋಜನೆಯಲ್ಲಿ 2022-23ನೇ ಸಾಲಿನ ಸರಾಸರಿ ಬಳಕೆಯ ಆಧಾರದ ಮೇಲೆ ಪ್ರತಿ ಮನೆಗೆ ಅರ್ಹ ಪ್ರಮಾಣವನ್ನು ನಿಗದಿಪಡಿಸಲಾಗಿದೆ. ಅರ್ಹ ಪ್ರಮಾಣವನ್ನು ಮೀರಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ಪಾವತಿಸಬೇಕು. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಆ ತಿಂಗಳ ಪೂರ್ಣ ಬಿಲ್ಲನ್ನು ಪಾವತಿಸಬೇಕು.

ಉದಾಹರಣೆ 1: ಮನೆಯ ಅರ್ಹ ಪ್ರಮಾಣ 121 ಯೂನಿಟ್, ಮನೆಯ ಬಳಕೆ 120, ಕೆಲಸದ ಕೊಠಡಿಯ ಬಳಕೆ 50. ವಿಲೀನದ ನಂತರ ಒಟ್ಟು 170 ಯೂನಿಟ್. ಅರ್ಹ ಪ್ರಮಾಣ ಕಳೆದು 49 ಯೂನಿಟ್‌ಗಳಿಗೆ ಗೃಹ ದರದಲ್ಲಿ ಪಾವತಿಸಬೇಕಾಗುತ್ತದೆ. ಎರಡನೆಯ ಸ್ಥಾವರದ ನಿಗದಿತ ಶುಲ್ಕವೂ ನಿಲ್ಲುತ್ತದೆ.

ಉದಾಹರಣೆ 2: ಮನೆಯ ಬಳಕೆ 160, ಕೆಲಸದ ಕೊಠಡಿಯ ಬಳಕೆ 60. ವಿಲೀನದ ನಂತರ ಒಟ್ಟು 220 ಯೂನಿಟ್. 200ರ ಮಿತಿ ಮೀರಿದ್ದರಿಂದ ಪೂರ್ಣ 220 ಯೂನಿಟ್‌ಗಳಿಗೂ ಹಣ ಕಟ್ಟಬೇಕಾಗುತ್ತದೆ. ವಿಲೀನಕ್ಕೆ ಮುನ್ನ ಇದೇ ಕುಟುಂಬ 60 ಯೂನಿಟ್‌ಗಳಿಗೆ ಮತ್ತು ಮನೆಯ ಬಳಕೆ ಅರ್ಹ ಪ್ರಮಾಣವನ್ನು ಮೀರಿದ್ದಲ್ಲಿ ಆ ಹೆಚ್ಚುವರಿಗೆ ಮಾತ್ರ ಹಣ ಕಟ್ಟುತ್ತಿತ್ತು.

ಗೃಹಜ್ಯೋತಿ ಯೋಜನೆ ಇಲ್ಲದ ಮನೆಗಳಲ್ಲಿಯೂ ಎರಡು ಬದಿಯ ಲೆಕ್ಕ ಹಾಕಬೇಕು. ಕೊಠಡಿಯ ಹೊರೆ ಸೇರಿಕೊಂಡಾಗ ಮನೆಯ ಮಂಜೂರಾದ ಲೋಡ್ ಹೆಚ್ಚಿಸಬೇಕಾಗಬಹುದು; ಗೃಹ ವರ್ಗದ ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿರುವುದರಿಂದ ಅದೂ ಹೆಚ್ಚುತ್ತದೆ. ಕೈಗಾರಿಕಾ ವರ್ಗದ ಯೂನಿಟ್ ದರ ಯಾವಾಗಲೂ ಗೃಹ ದರಕ್ಕಿಂತ ಹೆಚ್ಚಿರಲೇಬೇಕೆಂದಿಲ್ಲ. ಎರಡೂ ಮೀಟರುಗಳ ಹಿಂದಿನ 12 ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು, ನಿಗದಿತ ಶುಲ್ಕ, ವಿದ್ಯುತ್ ಶುಲ್ಕ ಮತ್ತು ತೆರಿಗೆ ಮೂರನ್ನೂ ಕೂಡಿ ಹೋಲಿಸಿದ ಬಳಿಕವೇ ಅರ್ಜಿ ಸಲ್ಲಿಸುವುದು ಲೇಸು.

7. ಅರ್ಜಿ ಸಲ್ಲಿಸುವ ಕ್ರಮ

ಅರ್ಜಿಯನ್ನು ಸಂಬಂಧಪಟ್ಟ ಉಪ ವಿಭಾಗದ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಅವರಿಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಸಾಮಾನ್ಯವಾಗಿ ಲಗತ್ತಿಸಬೇಕಾದವು:

(1) ಎರಡೂ ಸ್ಥಾವರಗಳ ಆರ್.ಆರ್. ಸಂಖ್ಯೆ ಮತ್ತು ಇತ್ತೀಚಿನ ಬಿಲ್ಲುಗಳ ಪ್ರತಿ
(2) ಬಾಕಿ ಇಲ್ಲದಿರುವುದಕ್ಕೆ ಪಾವತಿ ರಸೀದಿ
(3) ಗುರುತಿನ ದಾಖಲೆ
(4) ಮನೆಯ ಸ್ವತ್ತಿನ ದಾಖಲೆ (ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ನಮೂನೆ)
(5) ಕೊಠಡಿಯಲ್ಲಿರುವ ಯಂತ್ರಗಳ ಪಟ್ಟಿ ಮತ್ತು ಪ್ರತಿಯೊಂದರ ವ್ಯಾಟ್
(6) ವೈರಿಂಗ್ ಬದಲಾವಣೆಯ ಬಗ್ಗೆ ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರ ವರದಿ

ಎರಡು ಸ್ಥಾವರಗಳು ಬೇರೆ ಬೇರೆ ಹೆಸರಿನಲ್ಲಿದ್ದಲ್ಲಿ, ಉದಾಹರಣೆಗೆ ಮನೆಯದು ತೀರಿಕೊಂಡ ತಂದೆಯ ಹೆಸರಿನಲ್ಲಿಯೂ ಕೊಠಡಿಯದು ಮಗನ ಹೆಸರಿನಲ್ಲಿಯೂ ಇದ್ದಲ್ಲಿ, ಮೊದಲು ಹೆಸರು ಬದಲಾವಣೆ ಮಾಡಿಸಿಕೊಳ್ಳಬೇಕು. ಅರ್ಜಿ ಕೊಟ್ಟ ದಿನವೇ ದಿನಾಂಕ ಮತ್ತು ಮೊಹರು ಇರುವ ಸ್ವೀಕೃತಿಯನ್ನು ಪಡೆಯತಕ್ಕದ್ದು. ಯಾವ ತಿಂಗಳಿನಿಂದ ಹೊಸ ದರ ಅನ್ವಯವಾಗಬೇಕೆಂಬ ವಿವಾದ ಮುಂದೆ ಬಂದಲ್ಲಿ ಈ ಸ್ವೀಕೃತಿಯೇ ಆಧಾರ.

ವಿದ್ಯುಚ್ಛಕ್ತಿ (ಗ್ರಾಹಕರ ಹಕ್ಕುಗಳು) ನಿಯಮಗಳು, 2020ಕ್ಕೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಅರ್ಜಿ ಎಲ್ಲ ರೀತಿಯಿಂದಲೂ ಪೂರ್ಣವಾಗಿದ್ದಲ್ಲಿ ಹೊಸ ಸಂಪರ್ಕ ಅಥವಾ ಇರುವ ಸಂಪರ್ಕದ ಮಾರ್ಪಾಡನ್ನು ನಗರಸಭೆ, ಪುರಸಭೆಗಳ ಪ್ರದೇಶದಲ್ಲಿ 7 ದಿನ ಹಾಗೂ ಗ್ರಾಮೀಣ ಪ್ರದೇಶದಲ್ಲಿ 15 ದಿನಗಳನ್ನು ಮೀರದಂತೆ ಪೂರೈಸಬೇಕು. ಎರಡನೆಯ ಸ್ಥಾವರ ರದ್ದಾದ ಮೇಲೆ ಅದರ ಭದ್ರತಾ ಠೇವಣಿಯ ಮರುಪಾವತಿಯನ್ನು ಅಥವಾ ಮನೆಯ ಖಾತೆಗೆ ಹೊಂದಾಣಿಕೆಯನ್ನು ಕೇಳಲು ಮರೆಯಬಾರದು. ಕಲಂ 47(4)ರಂತೆ ಈ ಠೇವಣಿಗೆ ಬಡ್ಡಿಯೂ ಸಲ್ಲುತ್ತದೆ.

8. ಎಚ್ಚರಿಕೆ: ತಾವೇ ತಂತಿ ಎಳೆದುಕೊಳ್ಳಬಾರದು

ಮನೆಯ ಮೀಟರಿನಿಂದ ಕೊಠಡಿಗೆ ತಂತಿ ಎಳೆದು ಪಟ್ಟಿಯಲ್ಲಿಲ್ಲದ ಕೆಲಸ ನಡೆಸುವುದು, ಮಂಜೂರಾದ ಉದ್ದೇಶದ ಹೊರತಾದ ಬಳಕೆ ಎನಿಸಿ 2003ರ ಅಧಿನಿಯಮದ ಕಲಂ 126ರ ವ್ಯಾಪ್ತಿಗೆ ಬರುತ್ತದೆ. ಅನ್ವಯವಾಗಬೇಕಿದ್ದ ದರದ ಎರಡು ಪಟ್ಟು ವಿಧಿಸಲು ಅವಕಾಶವಿದ್ದು, ಅನಧಿಕೃತ ಬಳಕೆ ಎಂದಿನಿಂದ ಆರಂಭವಾಯಿತೆಂದು ತಿಳಿಯದಿದ್ದಲ್ಲಿ ತಪಾಸಣೆಯ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕಲಾಗುತ್ತದೆ. ಮಂಜೂರಾದ ಲೋಡನ್ನು ಮೀರಿ ಬಳಸುವುದೂ ಈ ಕಲಂನಡಿ ಬರುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು ಒಡಿಶಾದ ಅಕ್ಕಿ ಗಿರಣಿಯೊಂದರ ಪ್ರಕರಣದಲ್ಲಿ 2011ರಲ್ಲಿ ತೀರ್ಪು ನೀಡಿದೆ.

ತಾತ್ಕಾಲಿಕ ನಿರ್ಧರಣಾ ಆದೇಶ ಕೈಸೇರಿದ ಕೂಡಲೇ ಗ್ರಾಹಕರು ಲಿಖಿತ ಆಕ್ಷೇಪಣೆ ಸಲ್ಲಿಸಬೇಕು, ಏಕೆಂದರೆ ಆದೇಶ ಜಾರಿಯಾದ 30 ದಿನಗಳೊಳಗೆ ಅಹವಾಲು ಆಲಿಸಿ ಅಂತಿಮ ಆದೇಶ ಹೊರಡಿಸಬೇಕಾಗುತ್ತದೆ. ಅಂತಿಮ ಆದೇಶದ ವಿರುದ್ಧ ಕಲಂ 127ರಡಿ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಇದಕ್ಕೆ ನಿರ್ಧರಿಸಿದ ಮೊತ್ತದ ಅರ್ಧವನ್ನು ಮುಂಚಿತವಾಗಿ ಠೇವಣಿ ಇಡಬೇಕು.

ದರವರ್ಗವನ್ನು ಕಚೇರಿಯೇ ತಪ್ಪಾಗಿ ನಮೂದಿಸಿದ್ದರೂ ಗ್ರಾಹಕರು ಸುಮ್ಮನಿರುವುದು ಕ್ಷೇಮವಲ್ಲ. ರಾಜಸ್ಥಾನದ ಇಂತಹದೇ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ, ತಪ್ಪು ಗೊತ್ತಾದ ಮೇಲೆ ಎರಡು ವರ್ಷ ಕಳೆದ ಅವಧಿಗೂ ಹೆಚ್ಚುವರಿ ಬಿಲ್ಲು ನೀಡಬಹುದು, ಆದರೆ ಆ ಬಾಕಿಗಾಗಿ ಸಂಪರ್ಕ ಕಡಿತಗೊಳಿಸುವಂತಿಲ್ಲ ಎಂದು ಹೇಳಿದೆ. ಆದ್ದರಿಂದ ಬಿಲ್ಲಿನ ಜಕಾತಿ ತಮ್ಮ ಬಳಕೆಗೆ ಹೊಂದದಿದ್ದರೆ ತಾವಾಗಿಯೇ ತಿಳಿಸಿ ಸರಿಪಡಿಸಿಕೊಳ್ಳುವುದು ಹಿತಕರ.

9. ಅರ್ಜಿ ತಿರಸ್ಕೃತವಾದಲ್ಲಿ

ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ನಂತರ ಕಲಂ 42(5)ರನ್ವಯ ರಚಿತವಾದ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ದೂರು ಸಲ್ಲಿಸಬಹುದು. ವೇದಿಕೆಯ ತೀರ್ಮಾನ ಸಮಾಧಾನಕರವಲ್ಲದಿದ್ದಲ್ಲಿ ಕಲಂ 42(6)ರಂತೆ ವಿದ್ಯುತ್ ಒಂಬುಡ್ಸ್‌ಮನ್ ಅವರಿಗೆ ಮನವಿ ಸಲ್ಲಿಸಲು ಅವಕಾಶವಿದೆ. ಕಲಂ 126ರ ದಂಡನಾ ಬಿಲ್ಲಿನ ವಿವಾದಗಳಿಗೆ ಮಾತ್ರ ಈ ಮಾರ್ಗವಿಲ್ಲ. ಅವಕ್ಕೆ ಮೇಲೆ ತಿಳಿಸಿದ ಮೇಲ್ಮನವಿಯೇ ದಾರಿ.

10. ಸಾರಾಂಶ

- ಕೆಲಸ ಪಟ್ಟಿಯಲ್ಲಿದೆಯೇ, ಮಾಡುವವರು ಮನೆಯಲ್ಲಿಯೇ ವಾಸಿಸುತ್ತಾರೆಯೇ, ಕುಶಲಕರ್ಮಿಗಳ ಮೋಟಾರು 200 ವ್ಯಾಟ್‌ನೊಳಗಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.
- ಮೂರಕ್ಕೂ ಉತ್ತರ ಹೌದು ಎಂದಾದಲ್ಲಿ 12 ತಿಂಗಳ ಬಳಕೆಯನ್ನು ಕೂಡಿ, 200 ಯೂನಿಟ್ ಮಿತಿಯೊಂದಿಗೆ ಹೋಲಿಸಿ.
- ಲಾಭವಿದ್ದಲ್ಲಿ ವಿಲೀನಕ್ಕೆ ಲಿಖಿತ ಅರ್ಜಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ.
- ಮಂಜೂರಾತಿ ದೊರೆಯುವವರೆಗೆ ಈಗಿರುವ ವೈರಿಂಗನ್ನು ಬದಲಾಯಿಸಬೇಡಿ. ಕೆಲಸ ಪಟ್ಟಿಯಲ್ಲಿ ಇಲ್ಲದಿದ್ದಲ್ಲಿ ಪ್ರತ್ಯೇಕ ಮೀಟರನ್ನು ಈಗಿರುವ ವರ್ಗದಲ್ಲಿಯೇ ಮುಂದುವರಿಸುವುದು ಸುರಕ್ಷಿತ.

ಹೆಚ್ಚಿನ ಮಾಹಿತಿಗಾಗಿ ಆಯಾ ತಾಲ್ಲೂಕಿನ ಹೆಸ್ಕಾಂ ಉಪ ವಿಭಾಗ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು ಅಥವಾ ಸಹಾಯವಾಣಿ 1912ಕ್ಕೆ ಕರೆ ಮಾಡಬಹುದು.