ಆಟಿಯ ಹಾಲೆ ಕಷಾಯ

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಹಾಲೆ ಮರದ ಕೆತ್ತೆಯ ಕಷಾಯ ಕುಡಿಯುವುದು ತುಳುನಾಡಿನ ಉದ್ದಗಲಕ್ಕೂ ಇರುವ ಪದ್ಧತಿ. ಸುಳ್ಯ ಪೇಟೆಯ ಮಗ್ಗುಲಿನಿಂದ ಕಾಸರಗೋಡಿನ ಗಡಿಯವರೆಗೆ ಹಬ್ಬಿರುವ ಆಲೆಟ್ಟಿ ಗ್ರಾಮದ ಸುತ್ತಿನಲ್ಲಿ ತುಳು, ಅರೆಭಾಷೆ, ಕನ್ನಡ, ಮಲಯಾಳ ನಾಲ್ಕೂ ಕೇಳಿಬರುತ್ತವೆ. ಮಳೆಗಾಲದ ಮದ್ದಿನ ವಿಷಯದಲ್ಲಿ ಮಾತ್ರ ನಾಲ್ಕೂ ಭಾಷೆಯವರ ಪಂಚಾಂಗ ಒಂದೇ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಳ್ಳುವವರೆಗೆ ಈ ಭಾಗದ ಅಮರಸುಳ್ಯ ಸೀಮೆ ಕೊಡಗಿನ ಅರಸರ ಕೈಯಲ್ಲಿತ್ತು, ಅನಂತರ ಕೆನರಾ ಜಿಲ್ಲೆಗೆ ಸೇರಿತು. ಆಡಳಿತ ಬೇರೆಯಾದರೂ ಘಟ್ಟದ ಮೇಲಿನ ಕಕ್ಕಡ, ಕೆಳಗಿನ ಆಟಿ, ಪಕ್ಕದ ಕೇರಳದ ಕರ್ಕಟಕ ಒಂದೇ ಸೌರಮಾಸವಾಗಿ ಉಳಿದವು. ಕೊಡಗಿನಲ್ಲಿ ಕಕ್ಕಡದ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ, ಕೇರಳದಲ್ಲಿ ಕರ್ಕಟಕದ ಗಂಜಿ, ಇಲ್ಲಿ ಹಾಲೆಯ ಕಷಾಯ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳು ಹಿಂದೆ ವರ್ಷದ ಅತಿ ಕಷ್ಟದ ಕಾಲ. ಪಯಸ್ವಿನಿ ಹೊಳೆ ತುಂಬಿ ಹರಿಯುತ್ತಿತ್ತು, ಪತ್ತಾಯದ ಅಕ್ಕಿ ತಳ ಕಾಣುತ್ತಿತ್ತು, ಹೊಸ ಬೆಳೆ ಇನ್ನೂ ದೂರವಿತ್ತು, ಜ್ವರ ಮನೆಮನೆಗೂ ಬರುತ್ತಿತ್ತು. ಬೇಶ ತಿಂಗಳ ಪತ್ತನಾಜೆಗೇ ಜಾತ್ರೆ, ಕೋಲಗಳು ನಿಂತಿರುತ್ತಿದ್ದವು. ಆಟಿಯಲ್ಲಿ ಮದುವೆ ಮುಂಜಿ ಇಲ್ಲ. ಹೊಸದಾಗಿ ಮದುವೆಯಾದ ಹೆಣ್ಣು ತವರಿಗೆ ಬಂದು ಆಟಿ ಕೂರುತ್ತಿದ್ದಳು. ಊಟ ಗುಡ್ಡ, ತೋಡಿನ ಬದಿ ಮತ್ತು ಉಪ್ಪಿನ ಭರಣಿಯಿಂದ ಬರುತ್ತಿತ್ತು: ತಜಂಕಿನ ಸೊಪ್ಪು, ಕೆಸುವಿನ ಪತ್ರೊಡೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಬಿದಿರಿನ ಕಣಿಲೆ. ಕಣಿಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಹಾಕಿದ ಮೇಲೆಯೇ ಒಲೆಗೆ ಇಡುತ್ತಿದ್ದರು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ ಎಂಬುದು ಪ್ರಯೋಗಾಲಯದಿಂದ ತಿಳಿಯುವ ಮೊದಲೇ ಅಡುಗೆಮನೆ ಆ ಎಚ್ಚರವನ್ನು ರೂಢಿಸಿಕೊಂಡಿತ್ತು.

ಹಾಲೆಯ ಕೆತ್ತೆ ತರುವ ಕ್ರಮದಲ್ಲಿಯೂ ಅಂಥದೇ ಎಚ್ಚರವಿದೆ. ಹಿಂದಿನ ಸಂಜೆಯೇ ಮರ ಗುರುತಿಸಿ ನೂಲು ಕಟ್ಟಿ ಬರುತ್ತಾರೆ. ಮರುದಿನ ಸೂರ್ಯ ಮೂಡುವ ಮುನ್ನ ಹೋಗಿ, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯುತ್ತಾರೆ. ಅದನ್ನು ಕರಿಮೆಣಸು, ಬೆಳ್ಳುಳ್ಳಿ, ಓಮದ ಜೊತೆ ಅರೆದು ರಸ ಹಿಂಡಿ, ಕೆಂಡದಲ್ಲಿ ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಹಾಕುತ್ತಾರೆ. ಚೊಂಯ್ ಎಂದು ಹಬೆಯೇಳುತ್ತದೆ. ಒಗ್ಗರಣೆ ಎಂದರೆ ಅದೇ. ನಾಲಿಗೆ ಜೋಮುಗಟ್ಟುವಷ್ಟು ಕಹಿಯಾದ ಆ ರಸ ಕುಡಿದ ಮೇಲೆ ಉಷ್ಣ ತಗ್ಗಿಸಲು ಮೆಂತೆ ಗಂಜಿ. ನೂಲು ಕಟ್ಟುವುದು ಬರಿಯ ಶಾಸ್ತ್ರವಲ್ಲ. ಇದೇ ಕಾಡುಗಳಲ್ಲಿ ಕಾಸರಕವೂ ಬೆಳೆಯುತ್ತದೆ. ಕತ್ತಲಲ್ಲಿ ಮರ ತಪ್ಪಿ ಅದರ ತೊಗಟೆ ತಂದರೆ ಒಳಗಿನ ಸ್ಟ್ರಿಕ್ನಿನ್ ವಿಷ ಪ್ರಾಣಕ್ಕೇ ಎರವಾಗುತ್ತದೆ. ಹಗಲಿನಲ್ಲಿ ಎಲೆ ನೋಡಿ, ಬಿಳಿ ಹಾಲು ಜಿನುಗುವುದನ್ನು ಕಂಡು ಗುರುತು ಮಾಡುವುದು ಇಡೀ ಮನೆಯ ಜೀವ ಕಾಯುವ ಕೆಲಸ.

ಈ ಮರ ಯುರೋಪಿನವರ ಬರಹಕ್ಕೆ ಬಂದದ್ದೂ ಕರಾವಳಿಯ ವೈದ್ಯರಿಂದಲೇ. ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್ ಸ್ಥಳೀಯ ವೈದ್ಯರ ನೆರವಿನಿಂದ ಸಿದ್ಧಪಡಿಸಿದ ‘ಹೊರ್ತುಸ್ ಮಲಬಾರಿಕುಸ್’ನ ಮೊದಲ ಸಂಪುಟ 1678ರಲ್ಲಿ ಅಚ್ಚಾಯಿತು, ‘ಪಾಲ’ ಎಂಬ ಹೆಸರಿನಲ್ಲಿ ಹಾಲೆ ಅದರಲ್ಲಿದೆ. ಮುಂದೆ ಅದು ಆಲ್‌ಸ್ಟೋನಿಯ ಸ್ಕೋಲಾರಿಸ್ ಆಯಿತು. 19ನೇ ಶತಮಾನದಲ್ಲಿ ಯುರೋಪಿನ ವೈದ್ಯರು ಇದನ್ನು ಕ್ವಿನೈನಿಗೆ ಬದಲಿಯಾಗಿ ಮಲೇರಿಯಾಕ್ಕೆ ಬಳಸಿ ನೋಡಿದರು. ಕೆತ್ತೆಯಲ್ಲಿ ಎಕಿಟಮೈನ್ ಮುಂತಾದ ಆಲ್ಕಲಾಯ್ಡುಗಳು ಸಿಕ್ಕವು, ಆದರೆ ಕ್ವಿನೈನಿನ ಶಕ್ತಿ ಸಿದ್ಧವಾಗಲಿಲ್ಲ. ವರ್ಷವಿಡೀ ರೋಗ ಬಾರದು ಎಂಬ ಊರಿನ ನಂಬಿಕೆಯನ್ನು ಈ ರಸಾಯನ ಒಂದರಿಂದಲೇ ಅಳೆಯಲು ಹೊರಟರೆ ಪದ್ಧತಿಯ ಅರ್ಧ ಕೈತಪ್ಪುತ್ತದೆ.

ಉಳಿದರ್ಧ ಅಂಗಳದಲ್ಲಿತ್ತು. ನಲಿಕೆ ಸಮುದಾಯದವರು ತೆಂಗಿನ ಸಿರಿಯುಟ್ಟು, ಓಲೆಯ ಕೊಡೆ ಹಿಡಿದು ಆಟಿ ಕಳೆಂಜನಾಗಿ ಮಳೆಯಲ್ಲೇ ಮನೆಮನೆಗೆ ಬಂದು ಕುಣಿಯುತ್ತಿದ್ದರು. ಮನೆಯವರು ಭತ್ತ, ಉಪ್ಪು, ಮೆಣಸು, ಹುಳಿ, ಅರಸಿನ, ಮಸಿ ಕೊಟ್ಟು ಊರಿನ ಮಾರಿಯನ್ನು ಅವರೊಂದಿಗೆ ಕಳಿಸುತ್ತಿದ್ದರು. ವಾರಗಟ್ಟಲೆ ಮನೆಯೊಳಗೇ ಕೂತ ಮನಸ್ಸಿಗೆ ಅವರ ತೆಂಬರೆ ವಾದ್ಯದ ಸದ್ದು ಕೇಳಿಸುವುದೂ ಚಿಕಿತ್ಸೆಯೇ. ಆದರೆ ಊರಿನ ಆತಂಕ ಹೊತ್ತು ನಡೆದವರಿಗೆ ಸಿಕ್ಕ ಮರ್ಯಾದೆ ಅಂಗಳದಾಚೆ ಉಳಿಯಲಿಲ್ಲ ಎಂಬುದನ್ನೂ ಚರಿತ್ರೆ ಹೇಳಬೇಕು.

ಪ್ರಕೃತಿಗೂ ಸ್ವಾಸ್ಥ್ಯಕ್ಕೂ ಇರುವ ನಂಟನ್ನು ಮನಶ್ಶಾಸ್ತ್ರ ಅಳೆಯತೊಡಗಿದ್ದು ತೀರ ಈಚೆಗೆ. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರ 1972ರಿಂದ 1981ರವರೆಗಿನ ದಾಖಲೆಗಳನ್ನು ಆಧರಿಸಿತ್ತು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ಜನರಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದ 23 ಮಂದಿ ಇಟ್ಟಿಗೆಯ ಗೋಡೆ ಕಾಣುತ್ತಿದ್ದ 23 ಮಂದಿಗಿಂತ ಬೇಗ ಮನೆಗೆ ಹೋದರು, ಬಲವಾದ ನೋವುನಿವಾರಕವನ್ನೂ ಕಡಿಮೆ ತೆಗೆದುಕೊಂಡರು. ಅಲ್ಲಿ ಮರ ನೋಟದ ವಸ್ತು. ಆಟಿಯ ಮರವಾದರೋ ಹುಡುಕಿ, ಮುಟ್ಟಿ, ಹೆದರಿ, ಒಂದೇ ಪಾತ್ರೆಯಿಂದ ಎಲ್ಲರೂ ಹಂಚಿ ಕುಡಿಯುವ ಮರ.

ಸುಳ್ಯದ ಕಾಡು ಕಳೆದ ಅರ್ಧ ಶತಮಾನದಲ್ಲಿ ಬಹಳ ಬದಲಾಗಿದೆ. 1964ರ ಭಾರತ–ಸಿಲೋನ್ ಒಪ್ಪಂದದ ಬಳಿಕ ಮರಳಿ ಬಂದ ತಮಿಳು ಕುಟುಂಬಗಳ ಪುನರ್ವಸತಿಗೆಂದು ಸುಳ್ಯ, ಪುತ್ತೂರು ಸೀಮೆಯಲ್ಲಿ ಸರಕಾರಿ ರಬ್ಬರ್ ತೋಟಗಳೆದ್ದವು; ಅವರ ಆಡಿ ಅಮಾವಾಸ್ಯೆಯೂ ಆಟಿ ಅಮಾವಾಸ್ಯೆಯ ದಿನವೇ ಬರುತ್ತದೆ. ಖಾಸಗಿ ಗುಡ್ಡಗಳಿಗೂ ರಬ್ಬರ್, ಅಡಿಕೆ ಹಬ್ಬಿದವು. ಈಗ ಸಂಘಸಂಸ್ಥೆಗಳು ‘ಆಟಿಡೊಂಜಿ ದಿನ’ ನಡೆಸಿ ಪತ್ರೊಡೆ ಬಡಿಸುತ್ತವೆ, ಕಷಾಯವನ್ನು ಒಟ್ಟಿಗೆ ಕಾಯಿಸಿ ಲೋಟದಲ್ಲಿ ಹಂಚುವುದೂ ಇದೆ. ಮರ ಗುರುತಿಸಲು ಬಾರದವರಿಗೆ ಅದು ಸುರಕ್ಷಿತ ದಾರಿ. ಹಾಲೆಯನ್ನೂ ಕಾಸರಕವನ್ನೂ ಬೇರ್ಪಡಿಸಿ ತೋರಿಸಬಲ್ಲ ಹಿರಿಯರು ಮನೆಯಲ್ಲಿರುವ ಕಡೆ ಮಾತ್ರ ಹಿಂದಿನ ಸಂಜೆ ನೂಲು ಕಟ್ಟುವ ಕ್ರಮ ಉಳಿದಿದೆ.