ಒಂಬತ್ತು ಹೆಸರುಗಳ ಹಾಜರಿ ಪುಸ್ತಕ

2025ರ ನವೆಂಬರ್ 21ರಂದು ಹಳೆಯ 29 ಕಾರ್ಮಿಕ ಕಾಯ್ದೆಗಳು ಹೋಗಿ ನಾಲ್ಕು ಸಂಹಿತೆಗಳು ಜಾರಿಗೆ ಬಂದವು. ಹುಬ್ಬಳ್ಳಿಯಲ್ಲಿ ತಂದೆಯವರು ಬಿಟ್ಟುಹೋದ ಚಿಕ್ಕದೊಂದು ಮುದ್ರಣಾಲಯವನ್ನು ನಡೆಸಿಕೊಂಡು ಬಂದಿರುವ ನನಗೆ, ಹೊಸ ಕಾನೂನನ್ನು ತಿಳಿಯುವ ಮೊದಲು ಹಳೆಯದನ್ನು ನಾವು ಹೇಗೆ ಪಾಲಿಸಿದೆವೆಂದು ನೋಡುವ ಬುದ್ಧಿ ಬಂತು. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿದೆ. ಅದರಲ್ಲಿ ತಂದೆಯವರ ಖರ್ಚಿನ ವಹಿಗಳೂ ಹಾಜರಿ ಪುಸ್ತಕಗಳೂ ಇದ್ದವು.

ಹುಬ್ಬಳ್ಳಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂಬಯಿಯ ಗಿರಣಿಗಳಲ್ಲಿ ಸಂಬಳ ತಡವಾಗುತ್ತಿತ್ತು. ನೇಯ್ಗೆ ಕೆಟ್ಟರೆ ಆ ಬಟ್ಟೆಯನ್ನೇ ನೇಯ್ದವನ ತಲೆಗೆ ಕಟ್ಟಿ ಅದರ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. 1929ರಲ್ಲಿ ನೇಮಕವಾದ ವಿಟ್ಲೆ ಆಯೋಗ ಇಂಥವನ್ನೆಲ್ಲ ವಿಚಾರಿಸಿತು. ಆಮೇಲೆ ಬಂದದ್ದು 1936ರ ವೇತನ ಪಾವತಿ ಕಾಯ್ದೆ. ಸಾವಿರಕ್ಕಿಂತ ಕಡಿಮೆ ಆಳುಗಳಿದ್ದಲ್ಲಿ ಏಳು ದಿನದೊಳಗೆ ಬಟವಾಡೆ ಆಗಬೇಕು, ದಂಡವು ರೂಪಾಯಿಗೆ ಅರ್ಧ ಆಣೆಯನ್ನು ಮೀರಕೂಡದು. ಇಂದು ಸಾಮಾನ್ಯವೆನಿಸುವ ಈ ಮಾತು ಅಂದಿನ ಮಾಲಕರಿಗೆ ಮನೆಯ ವ್ಯವಹಾರದಲ್ಲಿ ಪರರು ಕೈಹಾಕಿದಂತೆ ಕಂಡಿರಬೇಕು.

ನಮ್ಮಂಥ ಸಣ್ಣವರಿಗೆ ಬಿಸಿ ತಟ್ಟಿದ್ದು 1948ರ ಕಾರ್ಖಾನೆ ಕಾಯ್ದೆಯಿಂದ. ವಿದ್ಯುತ್ತಿಲ್ಲದೆ ನಡೆಯುವಲ್ಲಿ ಇಪ್ಪತ್ತು ಆಳುಗಳಿದ್ದರೆ ಕಾರ್ಖಾನೆ. ವಿದ್ಯುತ್ತಿದ್ದರೆ ಹತ್ತೇ ಸಾಕು. ಹಿಂದಿನ ಹನ್ನೆರಡು ತಿಂಗಳಲ್ಲಿ ಯಾವುದಾದರೂ ಒಂದೇ ದಿನ ಹತ್ತು ಜನ ದುಡಿದಿದ್ದರೂ ಆಯಿತು. ಕಾಯ್ದೆ ಇಂಗ್ಲಿಷಿನಲ್ಲಿತ್ತು. ಪ್ರೆಸ್ಸಿನ ಮಾಲಕರು ಅದನ್ನು ಕಲಿತದ್ದು ಚಹಾದ ಅಂಗಡಿಯಲ್ಲಿ, ಒಬ್ಬರ ಬಾಯಿಂದ ಒಬ್ಬರು. ಹಾಗೆ ಕಲಿತಾಗ ಕಾಯ್ದೆಯಲ್ಲಿ ಮನಸ್ಸಿನಲ್ಲಿ ನಿಲ್ಲುವುದು ಅಂಕಿಯೊಂದೇ.

1954ರ ತನಕ ನಮ್ಮ ಟ್ರೆಡಲ್ಲನ್ನು ಕಾಲಿನಿಂದ ತುಳಿಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಆ ವರ್ಷ ವಿದ್ಯುತ್ ಮೋಟರು ಬಂತು. ಮರುತಿಂಗಳ ಪುಟದಲ್ಲಿ ಒಂಬತ್ತು ಹೆಸರುಗಳಿವೆ. "ಒಂಬತ್ತಕ್ಕ ಒಂದು ಕೂಡಿದರ ಸರಕಾರ ಒಳಗ ಬರ್ತದ" ಎಂದು ತಂದೆಯವರು ಹೇಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಯುಗಾದಿಗೆ ಮುಂಚೆ ಪಂಚಾಂಗದ ಕೆಲಸ ರಾಶಿಬಿದ್ದಾಗಲೂ ಹತ್ತನೆಯವನು ಒಳಗೆ ಬಂದದ್ದಿಲ್ಲ.

ಆದರೆ ಕೆಲಸ ಕಡಿಮೆಯಾಗಿರಲಿಲ್ಲವಲ್ಲ! ಅಚ್ಚಾದ ಹಾಳೆಗಳನ್ನು ಮಡಿಸಿ ಹೊಲಿಯುವುದು ಹಿಂದಿನ ಓಣಿಯ ಮನೆಗಳಿಗೆ ಹೋಯಿತು. ಅಲ್ಲಿಯ ಹೆಂಗಸರು ಅಡಿಗೆ ಮುಗಿಸಿ, ದೀಪ ಹಚ್ಚಿಕೊಂಡು ನೂರಕ್ಕೆ ಇಷ್ಟೆಂದು ಮಡಿಸಿಕೊಡುತ್ತಿದ್ದರು. ಅವರ ಕೂಲಿ ಖರ್ಚಿನ ವಹಿಯಲ್ಲಿ ಹೀಗಿದೆ: "ಅಂಟು, ದಾರ, ಮಡಿಕೆ." ಮೂರಕ್ಕೂ ಸೇರಿ ಒಂದೇ ಮೊತ್ತ.

ಬೋನಸ್ಸಿನ ಕತೆಯನ್ನು ಬೇಗ ಹೇಳಿಬಿಡುತ್ತೇನೆ. 1965ರ ಕಾಯ್ದೆ ಕನಿಷ್ಠ ನೂರಕ್ಕೆ ನಾಲ್ಕು ಎಂದಿತು; ಮುಂದೆ ಅದು 8.33 ಆಯಿತು, ಎಂದರೆ ವರ್ಷದ ಸಂಬಳದ ಹನ್ನೆರಡರಲ್ಲೊಂದು ಪಾಲು. ತುರ್ತುಪರಿಸ್ಥಿತಿಯಲ್ಲಿ, 1975ರಲ್ಲಿ, ಮತ್ತೆ ನಾಲ್ಕು. 1977ರಲ್ಲಿ ತಿರುಗಿ 8.33. ನೆರೆಯ ದೊಡ್ಡ ಪ್ರೆಸ್ಸಿನ ಗುಮಾಸ್ತರು ಈ ಏರಿಳಿತಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದರೆ ನಮ್ಮಲ್ಲಿ ದೀಪಾವಳಿಯ ಖುಷಿಯೆಂದು ತಂದೆಯವರು ಕೊಟ್ಟದ್ದೇ ಲೆಕ್ಕ. ಅವರು ಜಿಪುಣರಾಗಿರಲಿಲ್ಲ. ಕೊಡುವ ಕೈ ತಮ್ಮದೇ ಆಗಿರಬೇಕೆಂಬ ಹಟ ಅಷ್ಟೆ.

ಆದರೆ ಪೆಟ್ಟಿಗೆಯನ್ನು ಇಳಿಸಿದ ಮೇಲೆ, ಕಾಯ್ದೆಗಳನ್ನು ನಾನೇ ಕೂತು ಓದಿದಾಗ, ಒಂದು ಮಾತು ಮುಳ್ಳಿನಂತೆ ಚುಚ್ಚಿತು. 1948ರಲ್ಲೇ ಬಂದ ಕನಿಷ್ಠ ವೇತನ ಕಾಯ್ದೆಯಲ್ಲಿ ಹತ್ತು ಇಪ್ಪತ್ತರ ಲೆಕ್ಕವಿರಲಿಲ್ಲ. ಸರಕಾರದ ಪಟ್ಟಿಗೆ ಸೇರಿದ ಕಸುಬಾದರೆ ಒಬ್ಬನಿದ್ದರೂ ಅನ್ವಯ. ಸಾಮಾನನ್ನು ಮನೆಗೊಯ್ದು ಸಿದ್ಧಮಾಡಿ ತರುವವರನ್ನೂ ಅದು ನೌಕರರೆಂದೇ ಎಣಿಸಿತ್ತು. ಬೀಡಿ ಕಟ್ಟುವವರಿಗಾಗಿ 1966ರಲ್ಲಿ ಬೇರೆ ಕಾಯ್ದೆಯೇ ಬಂದು, ಮನೆಯಲ್ಲಿ ಕೂತು ಕಟ್ಟುವವರೂ ಅದರೊಳಗೆ ಸೇರಿದರು. ಮುದ್ರಣದ ಕಸುಬು ಕರ್ನಾಟಕದ ಪಟ್ಟಿಗೆ ಸೇರಿದ ಮೇಲೂ ನಮ್ಮ ವಹಿಯಲ್ಲಿ ಮಡಿಕೆಯವರು ಅಂಟು ದಾರಗಳ ಪಕ್ಕದಲ್ಲೇ ಉಳಿದರು. ಹತ್ತೆಂಬ ಅಂಕಿಯನ್ನು ಅಷ್ಟು ಚೆನ್ನಾಗಿ ಬಲ್ಲ ತಂದೆಯವರಿಗೆ ಇದು ತಿಳಿದಿತ್ತೋ ಇಲ್ಲವೋ. ಅವರು ತೀರಿಕೊಂಡ ಮೇಲೆ ನಾನಾದರೂ ಎಷ್ಟು ವರ್ಷ ಓದದೆಯೇ ಇದ್ದೆ!

ಈಗ ಪ್ರತಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆಯ ಅಂಕಿ ಬದಲಾಗುತ್ತದೆ; ಲೆಕ್ಕ ಹಾಕುವವನನ್ನು ಕರೆಸಿ ತಿದ್ದಿಸುತ್ತೇನೆ. ಹೊಸ ಸಂಹಿತೆಯಲ್ಲಿ ವಿದ್ಯುತ್ತಿದ್ದ ಕಾರ್ಖಾನೆಗೆ ಹತ್ತರ ಬದಲು ಇಪ್ಪತ್ತು ಆಳು, ವಿದ್ಯುತ್ತಿಲ್ಲದ್ದಕ್ಕೆ ನಲವತ್ತು. ತಂದೆಯವರು ಇದ್ದಿದ್ದರೆ ಹದಿನಾಲ್ಕು ಮಂದಿಯನ್ನೂ ನಿಶ್ಚಿಂತೆಯಿಂದ ಒಳಗೇ ಇಟ್ಟುಕೊಳ್ಳುತ್ತಿದ್ದರು.

1991ರಲ್ಲಿ ಒಬ್ಬ ಹುಡುಗ ಬಂದಿದ್ದ. "ಅವ್ವ ನಿಮ್ಮಲ್ಲೇ ಇಪ್ಪತ್ತು ವರ್ಷ ದುಡದಾಳ್ರಿ. ಒಂದು ಕಾಗದ ಬರದು ಕೊಡ್ರಿ" ಎಂದ. ಯಾವುದೋ ಕಚೇರಿಯವರು ಕೇಳಿದ್ದರಂತೆ. ಅವಳು ಮಡಿಸಿದ ಹಾಳೆಗಳು ನಮ್ಮ ಮನೆಯಲ್ಲೇ ಎಷ್ಟಿದ್ದವೊ. ಪ್ರೆಸ್ಸಿನ ಕಾಗದದ ಮೇಲೆಯೇ ಬರೆದುಕೊಟ್ಟೆ. ಅವನು ಓದಿ, ಸ್ವಲ್ಪ ತಡೆದು, "ಹಾಜರಿ ಪುಸ್ತಕದಾಗ ಹೆಸರು ಐತೇನ್ರಿ? ಅದರ ನಂಬರ ಹಾಕಬೇಕಂತ" ಎಂದ.

ಇಲ್ಲವೆಂದು ಗೊತ್ತಿದ್ದೂ ಪುಟ ತಿರುವಿದೆ.